ಫ್ರಿಜ್ಜಿನಾಚೆಯ ಮದ್ದು: ಪ್ರೋಟೀನ್ ಔಷಧಗಳೂ ಹೈಡ್ರೋಜೆಲ್ ಎಂಬ ಲೋಳೆಯೂ



ದತ್ತಿ ಉಪನ್ಯಾಸ ಎಂದರೆ ನಮ್ಮ ಕಡೆ ಸಾಹಿತ್ಯ, ಯಕ್ಷಗಾನ, ಇತಿಹಾಸ ಇವುಗಳಿಗೆ ಮೀಸಲು ಎಂಬ ರೂಢಿ. ವಿಜ್ಞಾನಕ್ಕೂ ಒಂದು ಮಣೆ ಹಾಕಿದ್ದೀರಿ, ಕೃತಜ್ಞತೆಗಳು. ಹೊಸ ಮದ್ದನ್ನು ಹೇಗೆ ಕಂಡುಹಿಡಿಯುತ್ತಾರೆ ಎಂಬ ಕಥೆಯನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಕಂಡುಹಿಡಿದ ಮದ್ದು ಕಾರ್ಖಾನೆಯಿಂದ ಹೊರಟು, ಪೇಟೆಯ ಮೆಡಿಕಲ್ ಅಂಗಡಿ ದಾಟಿ, ತೋಡಿನ ಮೇಲಿನ ಸಂಕ ದಾಟಿ, ನಮ್ಮ ಮನೆಯ ಚಾವಡಿವರೆಗೆ ಕೆಡದೆ ಹೇಗೆ ಬರಬೇಕು ಎಂಬ ಕಥೆಯನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಇಂದು ಅದನ್ನೇ ಹೇಳಬೇಕೆಂದಿದ್ದೇನೆ.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು, ಪ್ರೋಟೀನ್ ಔಷಧ ಎಂದರೇನು, ಅದು ಯಾಕೆ ಅಷ್ಟು ಬೇಗ ಕೆಡುತ್ತದೆ. ಎರಡನೆಯದು, ಅದನ್ನು ಉಳಿಸಲು ಈಗ ನಾವು ಏನು ಮಾಡುತ್ತಿದ್ದೇವೆ. ಮೂರನೆಯದು, ಹೈಡ್ರೋಜೆಲ್ ಎಂಬ ಲೋಳೆಯಲ್ಲಿ ಔಷಧವನ್ನು ಕೂರಿಸಿಡುವ ಹೊಸ ಪ್ರಯೋಗಗಳು. ಕೊನೆಯದು, ಆ ಪ್ರಯೋಗಗಳ ಮಿತಿ ಮತ್ತು ನಮ್ಮ ಪಾಲಿನ ಕೆಲಸ.

ಶುರು ಮಾಡುವ ಮೊದಲು ನನ್ನ ಮನೆಯದೇ ಒಂದು ಪ್ರಸಂಗ. ಕಡಬದಿಂದ ಒಳಗೆ, ತೋಡು ದಾಟಿ ಹೋಗಬೇಕಾದ ಮನೆಯಲ್ಲಿ ನನ್ನ ದೊಡ್ಡಮ್ಮ ಇದ್ದರು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಆಟಿ ತಿಂಗಳ ಒಂದು ಗಾಳಿಮಳೆಗೆ ಮರವೊಂದು ಲೈನಿನ ಮೇಲೆ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ. ಬಾಟ್ಲಿ ಬೆಚ್ಚಗಿನ ಫ್ರಿಜ್ಜಿನೊಳಗೇ ಇತ್ತು. ನಾಲ್ಕನೆಯ ದಿನ ಕರೆಂಟು ಬಂದ ಕೂಡಲೇ ಮನೆಯವರು, "ಪಾಪ, ಇಷ್ಟು ದಿನ ತಂಪಿಲ್ಲದೆ ಇತ್ತು, ಸರಿಯಾಗಿ ತಣ್ಣಗಾಗಲಿ" ಎಂದು ಅದನ್ನು ಮೇಲಿನ ಐಸ್ ಪೆಟ್ಟಿಗೆಯಲ್ಲಿಟ್ಟರು. ಬೆಳಗ್ಗೆ ನೋಡಿದರೆ ಕಲ್ಲು. ಕರಗಿಸಿ ಅದನ್ನೇ ಚುಚ್ಚಿದರು. ಎರಡು ದಿನವಾದರೂ ಸಕ್ಕರೆ ಇಳಿಯಲಿಲ್ಲ. ನಾನು ಹೋದವನು ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಾಲಿನಂತೆ ಒಂದೇ ಸಮ ಇರಬೇಕಾದ ದ್ರವದಲ್ಲಿ ತರಿ ತರಿ ಗಂಟುಗಳು ತೇಲುತ್ತಿದ್ದವು. ಒಳಗೋಡೆಗೆ ಬಿಳಿ ಹುಡಿ ಅಂಟಿಕೊಂಡಿತ್ತು. ಮೂರು ದಿನದ ಸೆಕೆ ಮಾಡದ ಹಾನಿಯನ್ನು ಒಂದು ರಾತ್ರಿಯ ಅತಿ ತಂಪು ಮಾಡಿತ್ತು. ಈ ಪ್ರಸಂಗ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಮೊದಲ ಭಾಗ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದು ಪುಟ್ಟ ಅಣು. ಮಾತ್ರೆಯನ್ನು ಕಿಸೆಯಲ್ಲಿಟ್ಟುಕೊಂಡು ಇಡೀ ದಿನ ಬಿಸಿಲಲ್ಲಿ ತಿರುಗಿದರೂ ಅದಕ್ಕೆ ಏನೂ ಆಗುವುದಿಲ್ಲ. ಇನ್ಸುಲಿನ್ ಹಾಗಲ್ಲ. ಅದು 51 ಅಮೈನೋ ಆಮ್ಲಗಳನ್ನು ಎರಡು ಸರಗಳಲ್ಲಿ ಪೋಣಿಸಿದ ಪ್ರೋಟೀನ್, ಒಂದು ಸರದಲ್ಲಿ 21, ಇನ್ನೊಂದರಲ್ಲಿ 30. ಆ ಪೋಣಿಕೆಯ ಕ್ರಮವನ್ನು 1955ರ ಹೊತ್ತಿಗೆ ಪೂರ್ತಿ ಓದಿದವರು ಫ್ರೆಡರಿಕ್ ಸ್ಯಾಂಗರ್. ಸರ ಗೊತ್ತಾದರೆ ಸಾಲದು, ಅದು ಹೇಗೆ ಮಡಿಚಿಕೊಂಡಿದೆ ಎಂಬುದು ಮುಖ್ಯ. ಆ ಮಡಿಕೆಯ ಚಿತ್ರವನ್ನು 1969ರಲ್ಲಿ ತೋರಿಸಿದವರು ಡೊರೊಥಿ ಹಾಡ್ಜ್‌ಕಿನ್. ಮಡಿಕೆ ಸರಿಯಿದ್ದರೆ ಮಾತ್ರ ಅದು ನಮ್ಮ ಜೀವಕೋಶದ ಬೀಗಕ್ಕೆ ಹೊಂದುವ ಕೀಲಿಕೈ. ಕೀಲಿಕೈ ಬಾಗಿದರೆ ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ, ಬಾಗಿಲು ಮಾತ್ರ ತೆರೆಯುವುದಿಲ್ಲ.

ಇದಕ್ಕೆ ಪುತ್ತೂರಿನಲ್ಲೇ ಒಂದು ಹೋಲಿಕೆ ಇದೆ. 1986ರಲ್ಲಿ ಇಲ್ಲಿ ಶುರುವಾದ ಕ್ಯಾಂಪ್ಕೊ ಚಾಕೊಲೇಟು ಕಾರ್ಖಾನೆ ನಿಮಗೆಲ್ಲ ಗೊತ್ತು. ಹೊಳೆಯುವ ಒಂದು ಚಾಕೊಲೇಟನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಮರೆತು, ಆಮೇಲೆ ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟು ನೋಡಿ. ಮೇಲೆ ಬೂದಿ ಬಳಿದಂತೆ ಬೆಳ್ಳಗಾಗಿರುತ್ತದೆ. ಕೊಕ್ಕೊ ಬೆಣ್ಣೆ ಅದೇ, ಸಕ್ಕರೆ ಅದೇ, ತೂಕವೂ ಅದೇ. ಬೆಣ್ಣೆಯ ಹರಳುಗಳ ಜೋಡಣೆ ಮಾತ್ರ ತಪ್ಪಿದೆ. ಚಾಕೊಲೇಟಿಗೆ ಅದರಿಂದ ದೊಡ್ಡ ನಷ್ಟವಿಲ್ಲ, ತಿನ್ನಬಹುದು. ಪ್ರೋಟೀನ್ ಔಷಧದಲ್ಲಿ ಜೋಡಣೆಯೇ ಮದ್ದು. ಜೋಡಣೆ ಹೋದರೆ ಬಾಟ್ಲಿಯಲ್ಲಿ ಉಳಿಯುವುದು ಬರೀ ಪ್ರೋಟೀನ್, ಮದ್ದಲ್ಲ.

ಜೋಡಣೆ ತಪ್ಪುವುದು ಹೇಗೆ? ಬಿಸಿಯಾದಾಗ ಅಣು ನಡುಗಿ ಮಡಿಕೆ ಸಡಿಲವಾಗುತ್ತದೆ. ಸಡಿಲವಾದಾಗ ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಭಾಗಗಳು ಹೊರಗೆ ಬರುತ್ತವೆ. ಪಕ್ಕದಲ್ಲಿ ಅದೇ ಸ್ಥಿತಿಯ ಇನ್ನೊಂದು ಅಣು ಸಿಕ್ಕಿದರೆ ಎರಡೂ ಅಂಟಿಕೊಳ್ಳುತ್ತವೆ. ಎರಡು ನಾಲ್ಕಾಗಿ, ನಾಲ್ಕು ನೂರಾಗಿ ಗಂಟಾಗುತ್ತದೆ. ಮೊಟ್ಟೆ ಬೇಯುವಾಗ ನಡೆಯುವುದು ಇದೇ. ಬೆಂದ ಮೊಟ್ಟೆಯನ್ನು ಎಷ್ಟು ತಣ್ಣಗೆ ಮಾಡಿದರೂ ಮತ್ತೆ ಹಸಿಯಾಗುವುದಿಲ್ಲ. ಕುಲುಕಾಟವೂ ಬಿಸಿಯಷ್ಟೇ ಕೆಟ್ಟದ್ದು. ಕುಲುಕಿದಾಗ ನೊರೆ ಏಳುತ್ತದೆ, ಗಾಳಿ ಮತ್ತು ನೀರು ಸೇರುವ ಆ ಗುಳ್ಳೆಗಳ ಮೈಮೇಲೆ ಪ್ರೋಟೀನ್ ಹರಡಿಕೊಂಡು ಬಿಚ್ಚಿಕೊಳ್ಳುತ್ತದೆ. ಹಾಲಿನ ಬಣ್ಣದ ಇನ್ಸುಲಿನ್ನನ್ನು ಎರಡು ಅಂಗೈಗಳ ನಡುವೆ ಮೆಲ್ಲನೆ ಉರುಳಿಸಿ, ಕುಲುಕಬೇಡಿ ಎಂದು ನರ್ಸ್ ಹೇಳುವುದು ಇದಕ್ಕೇ.

ಇನ್ಸುಲಿನ್ನಿಗೆ ಇನ್ನೊಂದು ಗುಟ್ಟಿದೆ. ಬಾಟ್ಲಿಯಲ್ಲಿ ಅದು ಒಂಟಿಯಾಗಿ ಇರುವುದಿಲ್ಲ. ಸತುವಿನ ಕಣಗಳ ಸುತ್ತ ಆರಾರು ಅಣುಗಳು ಒತ್ತಾಗಿ ಕೂತಿರುತ್ತವೆ. ಮೈಯೊಳಗೆ ಹೋಗಿ ತೆಳುವಾದಾಗ ಆರೂ ಬೇರೆಯಾಗುತ್ತವೆ. ಕೆಲಸ ಮಾಡುವುದು ಒಂಟಿ ಅಣು, ಬೇಗ ಕೆಡುವುದೂ ಅದೇ. ಅಂದರೆ ಗುಂಪಾಗಿ, ಅಲುಗದೆ ಕೂತಿರುವುದೇ ಈ ಔಷಧಕ್ಕೆ ಕ್ಷೇಮ. ಇಡೀ ಉಪನ್ಯಾಸದಲ್ಲಿ ನೀವು ಒಂದೇ ವಾಕ್ಯವನ್ನು ಮನೆಗೆ ಒಯ್ಯುವುದಾದರೆ ಅದು ಇದಾಗಿರಲಿ: ಪ್ರೋಟೀನ್ ಔಷಧ ಕೇಳುವುದು ಅಲುಗದ ಒಂದು ಜಾಗವನ್ನು, ತಂಪು ಆ ಜಾಗವನ್ನು ಒದಗಿಸುವ ಹಲವು ಉಪಾಯಗಳಲ್ಲಿ ಒಂದು ಮಾತ್ರ.

ಇಂಥ ಔಷಧಗಳು ಇನ್ಸುಲಿನ್ ಒಂದೇ ಅಲ್ಲ. ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷ, ಹುಚ್ಚುನಾಯಿ ಕಡಿದ ಗಾಯಕ್ಕೆ ಕೊಡುವ ಪ್ರತಿಕಾಯಗಳು, ಡಯಾಲಿಸಿಸ್ ರೋಗಿಗಳಿಗೆ ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್, ರಕ್ತ ಹೆಪ್ಪುಗಟ್ಟದವರಿಗೆ ಬೇಕಾದ ಎಂಟನೆಯ ಅಂಶ, ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್, ಇವೆಲ್ಲ ಪ್ರೋಟೀನುಗಳೇ. ಹೆರಿಗೆಯ ರಕ್ತಸ್ರಾವ ನಿಲ್ಲಿಸುವ ಆಕ್ಸಿಟೋಸಿನ್ 9 ಅಮೈನೋ ಆಮ್ಲಗಳ ಪುಟ್ಟ ಸರ, ಅದೂ ಬಿಸಿಗೆ ಸೊರಗುವಂಥದ್ದು.

ಇನ್ನು ಎರಡನೆಯ ಭಾಗ. ಇವನ್ನು ಈಗ ಉಳಿಸುತ್ತಿರುವುದು ಹೇಗೆ? ದಾರಿಗಳು ಮೂರು: ತಂಪು ಮಾಡುವುದು, ಒಣಗಿಸುವುದು, ಅಣುವನ್ನೇ ಗಟ್ಟಿಮುಟ್ಟು ಮಾಡುವುದು.

ತಂಪಿನ ದಾರಿ ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದೆ. ಮೇಲಿನಿಂದ ಮುಚ್ಚಳ ತೆರೆಯುವ ಒಂದು ಬಿಳಿ ಪೆಟ್ಟಿಗೆಯನ್ನು ನೋಡಿರುತ್ತೀರಿ. ಐಎಲ್‌ಆರ್ ಎಂದು ಕರೆಯುತ್ತಾರೆ. ಅದರ ಗೋಡೆಯೊಳಗೆ ಮಂಜುಗಡ್ಡೆಯ ಪದರವಿದೆ. ದಿನದಲ್ಲಿ 8 ಗಂಟೆ ಕರೆಂಟು ಸಿಕ್ಕಿದರೂ ಲಸಿಕೆಗಳನ್ನು 2ರಿಂದ 8 ಡಿಗ್ರಿಯ ನಡುವೆ ಕಾಯುತ್ತದೆ. ಲಸಿಕೆಯ ದಿನ ಆರೋಗ್ಯ ಸಹಾಯಕಿ ಮಂಜುಗಟ್ಟಿದ ಪ್ಯಾಕುಗಳನ್ನು ಹೊರಗೆ ತೆಗೆದು ಮೇಜಿನ ಮೇಲೆ ಜೋಡಿಸುತ್ತಾಳೆ. ಸ್ವಲ್ಪ ಹೊತ್ತಿಗೊಮ್ಮೆ ಒಂದೊಂದನ್ನು ಎತ್ತಿ ಕಿವಿಯ ಹತ್ತಿರ ಕುಲುಕುತ್ತಾಳೆ. ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಅದನ್ನು ಲಸಿಕೆಯ ಡಬ್ಬಕ್ಕೆ ಹಾಕುವುದು. ಯಾಕೆ? ಪೂರ್ತಿ ಗಟ್ಟಿಯಾದ ಮಂಜು ಪಕ್ಕದ ಲಸಿಕೆಯನ್ನೂ ಹೆಪ್ಪುಗಟ್ಟಿಸಿ ಕೆಡಿಸಬಹುದು. ನಮ್ಮ ದೊಡ್ಡಮ್ಮನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಪಾಠ ಆ ಕಿವಿಗೆ ಗೊತ್ತು.

ಲಸಿಕೆಯ ಬಾಟ್ಲಿಗಳ ಮೇಲೆ ಇನ್ನೊಂದು ಸಣ್ಣ ಗುರುತು ಇರುತ್ತದೆ. ಬಣ್ಣದ ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಬಿಸಿ ತಗಲಿದಂತೆಲ್ಲ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕ ವೃತ್ತದ ಬಣ್ಣಕ್ಕೆ ಬಂದರೆ ಆ ಬಾಟ್ಲಿಯನ್ನು ಬಳಸುವ ಹಾಗಿಲ್ಲ. ಬಾಟ್ಲಿ ತಾನು ಪಟ್ಟ ಬಿಸಿಯ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುವ ಉಪಾಯ ಇದು. ಮನೆಯ ಇನ್ಸುಲಿನ್ ಬಾಟ್ಲಿಯ ಮೇಲೆ ಇಂಥ ಗುರುತು ಇರುವುದಿಲ್ಲ.

ಕಷ್ಟ ಶುರುವಾಗುವುದು ಆರೋಗ್ಯ ಕೇಂದ್ರದಿಂದ ಆಚೆ. ನಮ್ಮ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕುಗಳ ಭೂಗೋಳ ನೋಡಿ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡೆ, ತೋಟ, ತೋಡು. ವಿದ್ಯುತ್ ತಂತಿ ಬರುವುದು ಕಾಡು ಮತ್ತು ರಬ್ಬರು ತೋಟಗಳ ನಡುವಿನಿಂದ. 2022ರ ಆಗಸ್ಟ್ ಮೊದಲ ವಾರ ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು ಕಡೆ ನೆರೆ ಬಂದು ಸೇತುವೆಗಳೇ ಹಾಳಾದದ್ದು ನಿಮಗೆ ನೆನಪಿದೆ. ಅಂಥ ದಿನಗಳಲ್ಲಿ ಫ್ರಿಜ್ಜು ಒಂದು ಕಪಾಟು, ಅಷ್ಟೇ.

ಫ್ರಿಜ್ಜಿಲ್ಲದವರಿಗೆ ಮಣ್ಣಿನ ಮಡಕೆಯ ಸಲಹೆ ಕೊಡುವುದುಂಟು. ಒದ್ದೆ ಮಡಕೆಯಿಂದ ನೀರು ಆವಿಯಾಗುವಾಗ ಒಳಗೆ ತಂಪಾಗುತ್ತದೆ. ಒಣ ಹವೆಯ ನಾಡಿಗೆ ಇದು ಒಳ್ಳೆಯ ಉಪಾಯ. ನಮ್ಮ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ, ಮಡಕೆಯ ನೀರು ಆವಿಯಾಗುವುದೆಲ್ಲಿ? ರಾಯಚೂರಿಗೆ ಸರಿಯಾದದ್ದು ಸುಳ್ಯಕ್ಕೆ ಅಷ್ಟೇ ಸರಿಯಾಗಬೇಕೆಂದಿಲ್ಲ. ಆದರೆ ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಕೀನ್ಯಾದ ದಗಹಲೆ ನಿರಾಶ್ರಿತರ ಶಿಬಿರದ ಮನೆಗಳ ತಾಪಮಾನವನ್ನು ಅಳೆದು, ಜಿನೀವಾ ವಿಶ್ವವಿದ್ಯಾಲಯದವರೂ ಗಡಿಗಳಿಲ್ಲದ ವೈದ್ಯರ ಸಂಸ್ಥೆಯವರೂ ಒಂದು ಪರೀಕ್ಷೆ ನಡೆಸಿದರು. ಅದು ಪ್ರಕಟವಾದದ್ದು 2021ರಲ್ಲಿ. ಬಳಕೆಯಲ್ಲಿರುವ ಇನ್ಸುಲಿನ್ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುತ್ತ ನಾಲ್ಕು ವಾರ ಇದ್ದರೂ ಅದರ ಶಕ್ತಿಯಲ್ಲಿ ಹೇಳುವಂಥ ಕೊರತೆ ಆಗಲಿಲ್ಲ. ದೊಡ್ಡಮ್ಮನ ಬಾಟ್ಲಿಯನ್ನು ಆ ಮೂರು ದಿನದ ಮೇಲೂ ಹಾಗೆಯೇ ನೆರಳಿನಲ್ಲಿ ಬಿಟ್ಟಿದ್ದರೆ ಅದು ಉಳಿಯುತ್ತಿತ್ತು ಎಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ.

ಎರಡನೆಯ ದಾರಿ ಒಣಗಿಸುವುದು. ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಳೆಗಾಲಕ್ಕೆ ಕೂಡಿಡುವುದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪ್ರತಿವಿಷವನ್ನು ಹೆಪ್ಪುಗಟ್ಟಿಸಿ, ಅದರ ನೀರನ್ನು ನಿರ್ವಾತದಲ್ಲಿ ಹೀರಿ ತೆಗೆದು, ಬಿಳಿ ಹುಡಿ ಮಾಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಗುವ ಪ್ರತಿವಿಷ ದ್ರವವಾಗಿಯೂ ಹುಡಿಯಾಗಿಯೂ ಸಿಗುತ್ತದೆ. ಹುಡಿಗೆ ಫ್ರಿಜ್ಜಿನ ಹಂಗು ಕಡಿಮೆ. ಆದರೆ ಬಳಸುವಾಗ ಪ್ರತಿ ಬಾಟ್ಲಿಗೆ 10 ಮಿಲಿಲೀಟರ್ ಶುದ್ಧ ನೀರು ಸೇರಿಸಿ, ನೊರೆ ಬಾರದಂತೆ ಮೆಲ್ಲನೆ ತಿರುಗಿಸುತ್ತ ಕರಗಿಸಬೇಕು. ಹತ್ತು ಬಾಟ್ಲಿ ಬೇಕಾದ ರೋಗಿ ಎದುರಿಗೆ ಮಲಗಿರುವಾಗ ಆ ನಿಮಿಷಗಳು ಬಹಳ ಉದ್ದ. ಒಣಗಿಸುವ ಕ್ರಿಯೆಯಲ್ಲೂ ಪ್ರೋಟೀನಿಗೆ ಪೆಟ್ಟು ಬೀಳುತ್ತದೆ. ಎಲ್ಲ ಪ್ರೋಟೀನುಗಳೂ ಅದನ್ನು ತಾಳುವುದಿಲ್ಲ.

ಮೂರನೆಯ ದಾರಿ ಅಣುವನ್ನೇ ತಿದ್ದುವುದು. ಕೊರೊನಾ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ಅವರ ತಂಡ ಮತ್ತು ಮಿನ್‌ವ್ಯಾಕ್ಸ್ ಕಂಪನಿ ಸೇರಿ ಒಂದು ಲಸಿಕೆಯನ್ನು ರೂಪಿಸಿದರು. ಒಣಗಿಸಿದ ಸ್ಥಿತಿಯಲ್ಲಿ ಅದು 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ತಾಳಿಕೊಂಡಿತು. ಹೆರಿಗೆಯ ಮದ್ದಿನಲ್ಲೂ ಹಾಗೆಯೇ. ಆಕ್ಸಿಟೋಸಿನ್ನಿನ ತಂಗಿಯಂತಿರುವ, ಬಿಸಿ ತಾಳುವ ಕಾರ್ಬೆಟೋಸಿನ್ ಅನ್ನು ಭಾರತವೂ ಸೇರಿ 10 ದೇಶಗಳ ಸುಮಾರು 30,000 ತಾಯಂದಿರಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿತು. ಈ ದಾರಿ ಒಳ್ಳೆಯದೇ. ಆದರೆ ಒಂದೊಂದು ಔಷಧಕ್ಕೂ ಬೇರೆ ಬೇರೆ ಹೆಣಗಾಟ. ತಿದ್ದಿದ ಅಣು ಹೊಸ ಔಷಧವೇ ಆದ್ದರಿಂದ ಪರೀಕ್ಷೆಗಳೆಲ್ಲ ಮೊದಲಿನಿಂದ.

ಹಾಗಾದರೆ ಅಣುವನ್ನು ತಿದ್ದದೆ, ಒಣಗಿಸದೆ, ತಂಪೂ ಮಾಡದೆ, ಅದು ಕೂರುವ ಜಾಗವನ್ನಷ್ಟೇ ಬದಲಿಸಿದರೆ? ಈ ಪ್ರಶ್ನೆ ನಮ್ಮನ್ನು ಮೂರನೆಯ ಭಾಗಕ್ಕೆ ಕರೆದೊಯ್ಯುತ್ತದೆ.

ಹೈಡ್ರೋಜೆಲ್ ಎಂಬ ಹೆಸರು ಕೇಳಿ ಹೆದರಬೇಡಿ. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಕಪ್ಪು ಬೀಜದ ಸುತ್ತ ಬೆಳ್ಳನೆಯ, ಜಾರುವ ಒಂದು ಕವಚ ಬರುತ್ತದೆ. ಅದು ಹೈಡ್ರೋಜೆಲ್. ಚೀನಾಗ್ರಾಸಿನ ಪುಡಿಂಗ್ ಹೈಡ್ರೋಜೆಲ್. ತಲೆಸ್ನಾನಕ್ಕೆ ದಾಸವಾಳದ ಎಲೆ ಹಿಂಡಿ ಮಾಡುವ ಗೊಂಪು ಅದರ ಹತ್ತಿರದ ನೆಂಟ. ನೀರನ್ನು ಹಿಡಿದಿಟ್ಟುಕೊಳ್ಳುವ ನೂಲುಗಳ ಬಲೆ ಎಂದರೆ ಸಾಕು. ಇಂಥ ಎಷ್ಟೋ ಲೋಳೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ನೀರೇ ಇರುತ್ತದೆ. ಆದರೂ ಬಟ್ಟಲು ಮಗುಚಿದರೆ ಚೆಲ್ಲುವುದಿಲ್ಲ. ವೈದ್ಯಕೀಯಕ್ಕೆ ಇದನ್ನು ತಂದವರು ಜೆಕ್ ರಸಾಯನಶಾಸ್ತ್ರಜ್ಞರಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್. 1960ರಲ್ಲಿ ಅವರ ಲೇಖನ ಬಂತು. ಮರುವರ್ಷದ ಕ್ರಿಸ್ಮಸ್ಸಿಗೆ ವಿಖ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಕಟ್ಟಿ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮಾಡಿದರು.

ಈ ಬಲೆಯ ಕಣ್ಣು ಪ್ರೋಟೀನಿನಷ್ಟೇ ಸಣ್ಣದು, ಅಂದರೆ ಕೆಲವೇ ನ್ಯಾನೋಮೀಟರ್. ಬಲೆ ಕಟ್ಟುವ ಹೊತ್ತಿಗೆ ಪ್ರೋಟೀನನ್ನು ಸೇರಿಸಿದರೆ ಒಂದೊಂದು ಅಣುವೂ ಒಂದೊಂದು ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸುತ್ತ ನೀರಿದೆ, ಉಸಿರು ಕಟ್ಟುವುದಿಲ್ಲ. ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲ. ಸ್ವಲ್ಪ ಸಡಿಲವಾದರೂ ಅಂಟಿಕೊಳ್ಳಲು ಪಕ್ಕದ ಅಣು ಕೈಗೆ ಸಿಗುವುದಿಲ್ಲ. ಒಳಗೆ ಗಾಳಿಗುಳ್ಳೆಯಿಲ್ಲ, ಆದ್ದರಿಂದ ಕುಲುಕಿದರೂ ನೊರೆಯಿಲ್ಲ. ಸಿದ್ಧಾಂತ ಇಷ್ಟೇ. ಕಷ್ಟವಿರುವುದು ಒಳಗೆ ಹಾಕುವುದರಲ್ಲಲ್ಲ, ಬೇಕಾದಾಗ ಪೂರ್ತಿಯಾಗಿ ಹೊರಗೆ ತೆಗೆಯುವುದರಲ್ಲಿ. ಅದಕ್ಕೆ ಮೂರು ತಂಡಗಳು ಕೊಟ್ಟ ಮೂರು ಉತ್ತರಗಳನ್ನು ಹೇಳುತ್ತೇನೆ.

ಮೊದಲನೆಯದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯದು. ಮಾರ್ಕ್ ಟಿಬ್ಬಿಟ್ ಅವರ ತಂಡ 2022ರಲ್ಲಿ ಪ್ರಕಟಿಸಿದ ಕೆಲಸ. ಬೋರಾನ್ ಇರುವ ಕೊಂಡಿಗಳಿಂದ ಬಲೆ ಹೆಣೆದರು. ಈ ಲೋಳೆಯೊಳಗಿನ ಪ್ರೋಟೀನುಗಳು 65 ಡಿಗ್ರಿಯವರೆಗೂ ತಾಳಿಕೊಂಡವು. ಬಿಡಿಸುವ ಉಪಾಯ ಸಕ್ಕರೆ. ಆ ಕೊಂಡಿಗಳಿಗೆ ಸಕ್ಕರೆಯ ಜಾತಿಯ ಅಣುಗಳೆಂದರೆ ಹೆಚ್ಚು ಒಲವು. ಅದನ್ನು ಸೇರಿಸಿದೊಡನೆ ಕೊಂಡಿಗಳು ಒಂದನ್ನೊಂದು ಬಿಟ್ಟು ಸಕ್ಕರೆಯನ್ನು ಹಿಡಿಯುತ್ತವೆ, ಬಲೆ ನೀರಾಗುತ್ತದೆ, ಪ್ರೋಟೀನ್ ಹೊರಗೆ. ಆದರೆ ಕರಗಿದ ಬಲೆಯೂ ಆ ನೀರಿನಲ್ಲೇ ಉಳಿಯುತ್ತದೆ.

ಎರಡನೆಯದು ಈ ತೊಡಕನ್ನೇ ಹಿಡಿದು ಹೊರಟದ್ದು. ಗ್ಲಾಸ್ಗೊ ವಿಶ್ವವಿದ್ಯಾಲಯದ ಡೇವ್ ಆಡಮ್ಸ್, ಮ್ಯಾಂಚೆಸ್ಟರಿನ ಮ್ಯಾಥ್ಯೂ ಗಿಬ್ಸನ್ ಮತ್ತು ಸಂಗಡಿಗರು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವರ ಲೋಳೆ ಉದ್ದ ಪಾಲಿಮರುಗಳದ್ದಲ್ಲ, ಸಣ್ಣ ಅಣುಗಳು ಸಾಲುಗಟ್ಟಿ ನಿಂತು ತಾವೇ ನೂಲಾದದ್ದು. ಜಗ್ಗದ, ಬಿರುಸಾದ ಲೋಳೆ. ಅದನ್ನು ಸಿರಿಂಜಿನಲ್ಲೇ ಕಟ್ಟುತ್ತಾರೆ. ಬೇಕಾದಾಗ ದಂಡವನ್ನು ಒತ್ತಿದರೆ ಆ ಒತ್ತಡಕ್ಕೆ ಲೋಳೆ ಮುರಿಯುತ್ತದೆ. ಅದರ ಚೂರುಗಳನ್ನು ಸೋಸುಕ ತಡೆಯುತ್ತದೆ, ಪ್ರೋಟೀನಿನ ನೀರು ಮಾತ್ರ ಹೊರಗೆ ಬರುತ್ತದೆ. ತೆಂಗಿನ ತುರಿಯನ್ನು ಬಟ್ಟೆಯಲ್ಲಿ ಹಿಂಡಿದಾಗ ಹಾಲು ಇಳಿದು ಚರಟ ಒಳಗೆ ಉಳಿಯುವಂತೆ. ಇನ್ಸುಲಿನ್ ತುಂಬಿದ ಲೋಳೆಯನ್ನು 25 ಡಿಗ್ರಿಯಲ್ಲಿಟ್ಟು ನಿಮಿಷಕ್ಕೆ 600 ಸುತ್ತು ತಿರುಗಿಸಿದರು. ಆಮೇಲೆ ಇನ್ಸುಲಿನ್ ಪೂರ್ತಿಯಾಗಿ ಸಿಕ್ಕಿತು. ಬೀಟಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವವನ್ನು 50 ಡಿಗ್ರಿಯಲ್ಲಿ 7 ದಿನ ಇಟ್ಟರು. ಶೇ. 97ರಷ್ಟು ಶಕ್ತಿ ಉಳಿದಿತ್ತು. ಆಮೇಲೆ ಮಾಡಿದ್ದು ನನಗೆ ಬಹಳ ಇಷ್ಟವಾದ ಪರೀಕ್ಷೆ: ಪ್ರೋಟೀನ್ ಇರುವ ಲೋಳೆಯನ್ನು ಸಾಮಾನ್ಯ ಅಂಚೆಯಲ್ಲಿ ಕಳಿಸಿದರು. ಎರಡು ದಿನ ಅಂಚೆಯಲ್ಲಿ ಅಲೆದು ಬಂದರೂ ಪ್ರೋಟೀನ್ ಗಂಟಾಗಲಿಲ್ಲ. ಪ್ರಯೋಗಾಲಯದ ಕಪಾಟಿನಲ್ಲಿ ಉಳಿಯುವುದು ಒಂದು, ಅಂಚೆಯಣ್ಣನ ಚೀಲದಲ್ಲಿ ಉಳಿಯುವುದು ಇನ್ನೊಂದು.

ಮೂರನೆಯ ಉತ್ತರ ನಮ್ಮ ರಾಜ್ಯದ್ದೇ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ಅವರ ತಂಡ 2020ರಲ್ಲಿ ರೇಷ್ಮೆಯಿಂದ ಲೋಳೆ ಮಾಡಿತು. ರೇಷ್ಮೆಯ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಹೊರಗೆ ಅಂಟಿನಂಥ ಸೆರಿಸಿನ್, ಒಳಗೆ ಗಟ್ಟಿ ಫೈಬ್ರಾಯಿನ್. ಅಂಟನ್ನು ಕುದಿಸಿ ತೆಗೆದು ಫೈಬ್ರಾಯಿನನ್ನು ಕರಗಿಸಿದರೆ ಅದು ಮತ್ತೆ ಲೋಳೆಯಾಗಬಲ್ಲದು. ತಾನಾಗಿ ಆಗಲು ಬಿಟ್ಟರೆ ನಿಧಾನ. ಮೈಗೆ ಒಗ್ಗುವ ಸಹಪದಾರ್ಥಗಳನ್ನು ಸೇರಿಸಿ ಈ ತಂಡ ಅದನ್ನು ಬೇಗ ಲೋಳೆಯಾಗಿಸಿತು, ಸೂಜಿಯಲ್ಲಿ ಚುಚ್ಚುವಂತೆಯೂ ಮಾಡಿತು. ಮಾನವ ಇನ್ಸುಲಿನ್ ಅದರೊಳಗೆ ಶಕ್ತಿ ಕಳೆದುಕೊಳ್ಳದೆ ಕೂತಿತು. ಸಕ್ಕರೆ ಕಾಯಿಲೆಯ ಇಲಿಗಳ ಚರ್ಮದ ಕೆಳಗೆ ಒಮ್ಮೆ ಚುಚ್ಚಿದರೆ ಅಲ್ಲೇ ಒಂದು ಪುಟ್ಟ ಕಣಜವಾಗಿ ನಿಂತು, ಇನ್ಸುಲಿನ್ನನ್ನು ತೊಟ್ಟು ತೊಟ್ಟಾಗಿ ಬಿಡುತ್ತ ನಾಲ್ಕು ದಿನ ಸಕ್ಕರೆಯನ್ನು ಹದದಲ್ಲಿಟ್ಟಿತು. ಒಮ್ಮೆಲೇ ಸುರಿದು ಸಕ್ಕರೆ ಕುಸಿಯುವ ಅಪಾಯ ಕಾಣಲಿಲ್ಲ. ಇಲ್ಲಿ ಲೋಳೆಯನ್ನು ಹೊರಗೆ ಉಳಿಸುವ ಪ್ರಶ್ನೆಯೇ ಇಲ್ಲ, ಲೋಳೆಯೂ ಮದ್ದಿನ ಜೊತೆ ಮೈಯೊಳಗೆ ಹೋಗುತ್ತದೆ. ಅದಕ್ಕೇ ರೇಷ್ಮೆ. ಗಾಯ ಹೊಲಿಯಲು ವೈದ್ಯರು ಬಹಳ ಕಾಲದಿಂದ ಬಳಸಿದ ನೂಲು ಅದು, ಮೈಗೆ ಪರಿಚಯದ ವಸ್ತು. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಿಂದ ಸೀರೆ ಮಾತ್ರ ಆಗಬೇಕಾಗಿಲ್ಲ ಎಂದಾಯಿತು.

ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಜ್ಯೂರಿಕ್ಕಿನವರೂ ಗ್ಲಾಸ್ಗೊದವರೂ ದಾರಿಯಲ್ಲಿ ಮದ್ದು ಕೆಡದಂತೆ ನೋಡಿಕೊಂಡರು. ಜಕ್ಕೂರಿನವರು ಮೈಯೊಳಗೂ ಅದು ನಿಧಾನವಾಗಿ ಕೆಲಸ ಮಾಡುವಂತೆ ನೋಡಿಕೊಂಡರು. ಕಡಬದ ಗುಡ್ಡೆಯ ಮನೆಗೆ ಎರಡೂ ಬೇಕು.

ಈಗ ಕೊನೆಯ ಭಾಗ. ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾನು ವಿವರಿಸಿದ್ದು ಪ್ರಯೋಗಾಲಯದ, ಮತ್ತು ಇಲಿಗಳ ಮೇಲಿನ ಫಲಿತಾಂಶಗಳನ್ನು. ನಾಳೆ ಬೆಳಗ್ಗೆ ಪುತ್ತೂರಿನ ಮೆಡಿಕಲ್‌ಗೆ ಹೋಗಿ ಲೋಳೆಯ ಇನ್ಸುಲಿನ್ ಕೇಳಬೇಡಿ. ದಾಟಬೇಕಾದ ಹೊಳೆಗಳು ಹಲವು.

ಒಂದು, ಅಳತೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟ್ಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಎರಡು ಯೂನಿಟ್ ಆಚೀಚೆಯಾದರೂ ಕೆಲವರಿಗೆ ತಲೆ ತಿರುಗುತ್ತದೆ. ಲೋಳೆಯಲ್ಲಿ ಒಂದಿಷ್ಟು ಮದ್ದು ಸಿಕ್ಕಿಕೊಂಡು ಉಳಿದರೆ ಈ ಲೆಕ್ಕ ತಪ್ಪುತ್ತದೆ. ಎರಡು, ಪ್ರೋಟೀನಿನಿಂದ ಪ್ರೋಟೀನಿಗೆ ಸ್ವಭಾವ ಬೇರೆ. ಇನ್ಸುಲಿನ್ನಿಗೆ ಒಗ್ಗಿದ ಬಲೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಪ್ರತಿಕಾಯಕ್ಕೆ ಒಗ್ಗಬೇಕೆಂದಿಲ್ಲ. ಮೂರು, ಲೋಳೆಯ ಚೂರು ರಕ್ತಕ್ಕೆ ಹೋದರೆ ಏನು ಎಂಬುದಕ್ಕೆ ವರ್ಷಗಟ್ಟಲೆ ಪರೀಕ್ಷೆ ಬೇಕು. ನಾಲ್ಕು, ಬೆಲೆ. ಫ್ರಿಜ್ಜು ಉಳಿಸಿ ಮದ್ದಿನ ಬೆಲೆ ಏರಿಸಿದರೆ ಬಡವನಿಗೆ ಲಾಭವಿಲ್ಲ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟಿನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಪ್ರೋಟೀನ್ ಮಾಡುವ ಕೈ ನಮ್ಮಲ್ಲಿದೆ, ಲೋಳೆ ಮಾಡುವ ತಲೆಯೂ ನಮ್ಮಲ್ಲಿದೆ. ಎರಡನ್ನೂ ಸೇರಿಸುವ ಕೆಲಸ ಆಗಬೇಕಾಗಿದೆ.

ನನ್ನ ಆಸೆ ಹೆಚ್ಚಾಗಿ ಇರುವುದು ಪ್ರತಿವಿಷದ ಮೇಲೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು. ಲೆಕ್ಕ ಸಿಗುವುದು ಮೊದಲ ಹೆಜ್ಜೆ. ಹುಲ್ಲು ಕೊಯ್ಯುವಾಗ, ಬಿದ್ದ ಅಡಿಕೆ ಹೆಕ್ಕುವಾಗ ಕಡಿತಕ್ಕೆ ಸಿಕ್ಕುವವರು ನಮ್ಮ ತೋಟಗಳ ಕೆಲಸದವರು. ಕರಗಿಸುತ್ತ ಕೂರಬೇಕಾಗಿಲ್ಲದ, ಫ್ರಿಜ್ಜೂ ಬೇಡದ, ಒತ್ತಿದರೆ ಬರುವ ಪ್ರತಿವಿಷ ದೂರದ ಆರೋಗ್ಯ ಕೇಂದ್ರದಲ್ಲೂ ಇದ್ದರೆ ದೊಡ್ಡ ಆಸ್ಪತ್ರೆಗೆ ಹೊರಡುವ ಮೊದಲೇ ಚಿಕಿತ್ಸೆ ಶುರುವಾದೀತು.

ರಸಾಯನಶಾಸ್ತ್ರ, ಜೀವಶಾಸ್ತ್ರ ಓದುವ ಮಕ್ಕಳಿಗೆ ಒಂದು ಮಾತು. ಬಲೆಯ ನೂಲಿಗೆ ಜ್ಯೂರಿಕ್ಕಿಗೇ ಹೋಗಬೇಕೆಂದಿಲ್ಲ. ಗೇರುಮರದ ಕಾಂಡದಿಂದ ಒಸರುವ ಅಂಟನ್ನು ಬ್ರೆಜಿಲ್‌ನ ಸಂಶೋಧಕರು ಔಷಧದ ಸಹಪದಾರ್ಥವಾಗಿ ಅಧ್ಯಯನ ಮಾಡಿದ್ದಾರೆ. ದೇಶದ ಗೇರು ಸಂಶೋಧನಾ ನಿರ್ದೇಶನಾಲಯ ಇರುವುದು ನಮ್ಮ ಪುತ್ತೂರಿನಲ್ಲಿ. ಮೊಟ್ಟೆಯ ಬಿಳಿಯನ್ನು ನೀರಿನಲ್ಲೂ ಲೋಳೆಯಲ್ಲೂ ಬೇರೆ ಬೇರೆ ಇಟ್ಟು, ಎಷ್ಟು ಬಿಸಿಗೆ ಯಾವುದು ಬೆಳ್ಳಗಾಗುತ್ತದೆ ಎಂದು ನೋಡಲು ಒಂದು ಥರ್ಮಾಮೀಟರ್, ಒಂದು ಪಾತ್ರೆ ಬಿಸಿನೀರು ಸಾಕು. ಈ ಕಾಲೇಜಿನಲ್ಲೇ ಈ ವರ್ಷವೇ ಅದನ್ನು ಮಾಡಬಹುದು.

ಮನೆಯವರಿಗೆ ಹೇಳಬೇಕಾದದ್ದು ಸರಳ. ತೆರೆಯದ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿರಲಿ, ಐಸ್ ಪೆಟ್ಟಿಗೆಯ ಹತ್ತಿರವೂ ಬೇಡ. ಬಳಸುತ್ತಿರುವ ಬಾಟ್ಲಿ ಮನೆಯ ತಂಪು ನೆರಳಿನಲ್ಲಿ ಸುಮಾರು ನಾಲ್ಕು ವಾರ ಇರಬಲ್ಲದು. ಅದರ ಜೊತೆ ಬರುವ ಚೀಟಿಯನ್ನು ಓದಿ, ತೆರೆದ ತಾರೀಕನ್ನು ಬಾಟ್ಲಿಯ ಮೇಲೆ ಬರೆದಿಡಿ. ಹೆಪ್ಪುಗಟ್ಟಿದ್ದನ್ನು, ಗಂಟು ಕಂಡದ್ದನ್ನು ಬಿಸಾಡಿ, ಕರಗಿಸಿ ಚುಚ್ಚಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಮದ್ದು ಬಿಟ್ಟು ಮದುವೆಮನೆಗೆ ಹೋಗಬೇಡಿ.

ಕೊನೆಗೆ ಒಂದು ಕೋರಿಕೆ. ಲೋಳೆಯ ಮದ್ದು ಬರಲು ಇನ್ನೂ ಸಮಯ ಬೇಕು, ಮಳೆಗಾಲ ಬರಲು ಬೇಡ. ಅದಕ್ಕೆ ಮೊದಲು ನಿಮ್ಮ ನೆರೆಕರೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸಿ. ಮೂರು ದಿನ ಕರೆಂಟು ಹೋದರೆ ಬಾಟ್ಲಿಯನ್ನು ಎಲ್ಲಿಡುತ್ತೀರಿ ಎಂದು ಕೇಳಿ. ಉತ್ತರ "ಐಸ್ ಪೆಟ್ಟಿಗೆಯಲ್ಲಿ" ಎಂದಾದರೆ, ಇಂದು ಇಲ್ಲಿ ಕೇಳಿದ್ದನ್ನು ಅವರಿಗೆ ಹೇಳಿ.